ಸಮದ ಕೆಳಗೆ ಸಮ

ಉತ್ತರಪತ್ರಿಕೆ ತಿದ್ದುವ ಮಾಸ್ತರನಿಗೆ ದೇವರು ಬಹಳಷ್ಟನ್ನು ಸಹಿಸುವ ಶಕ್ತಿ ಕೊಟ್ಟಿರುತ್ತಾನೆ. ಕೋಳಿಕಾಲಿನ ಬರಹ, ನಡುಪುಟದಲ್ಲಿ ಹರಡಿದ ಶಾಯಿ, ಕೊನೆಯ ಪುಟದಲ್ಲಿ ‘ಸರ, ಪಾಸ್ ಮಾಡ್ರಿ, ಅವ್ವಗ ಆರಾಮಿಲ್ಲ’ ಎಂಬ ಮನವಿ, ಎಲ್ಲವನ್ನೂ ಅವನು ನುಂಗಿಕೊಳ್ಳುತ್ತಾನೆ. ನುಂಗಲಾರದ್ದು ಒಂದೇ. ಸಮ ಚಿಹ್ನೆ ಬಿಟ್ಟ ಗೂಳಿಯ ಹಾಗೆ ಪುಟದ ತುಂಬ ತಿರುಗಾಡುವುದು.

ಐದಕ್ಕೆ ಮೂರು ಕೂಡಿಸಬೇಕು, ಬಂದದ್ದನ್ನು ಎರಡರಿಂದ ಗುಣಿಸಬೇಕು, ಅದರಲ್ಲಿ ನಾಲ್ಕು ಕಳೆಯಬೇಕು. ಹುಡುಗ ಒಂದೇ ಉಸಿರಿನಲ್ಲಿ ಬರೆಯುತ್ತಾನೆ: 5 + 3 = 8 × 2 = 16 − 4 = 12. ಉತ್ತರ ಹನ್ನೆರಡು, ಸರಿಯೇ. ಬರೆದ ಮಾತು ಮಾತ್ರ ಶುದ್ಧ ಸುಳ್ಳು. ಐದು ಮೂರು ಕೂಡಿದರೆ ಹದಿನಾರು ಎಂದೂ, ಹದಿನಾರು ಎಂದರೆ ಹನ್ನೆರಡೇ ಎಂದೂ ಅವನು ಬರವಣಿಗೆಯಲ್ಲಿ ಒಪ್ಪಿಕೊಂಡುಬಿಟ್ಟಿದ್ದಾನೆ. ಇಂಥ ಕಾಗದವನ್ನು ಸಾಲ ಕೊಟ್ಟವನ ಮುಂದೆ ಹಿಡಿದರೆ ಮನೆಮಠ ಹೋದಾವು. ಹುಡುಗನ ಪಾಲಿಗೆ ಸಮ ಚಿಹ್ನೆ ಎಂದರೆ ‘ಮುಂದ ಏನ?’ ಎಂದು ಕೇಳುವ ಗುರುತು, ಅಷ್ಟೇ. ಅದನ್ನೇ ಮೂರು ಸಾಲು ಮಾಡು, ಸಮದ ಕೆಳಗೆ ಸಮ ಇಡು ಎಂದು ಹೇಳಿ ನೋಡಿ:

5 + 3 = 8
8 × 2 = 16
16 − 4 = 12

ಸುಳ್ಳು ತಾನಾಗಿ ಉದುರಿಹೋಯಿತು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿ ಅಂತಿಮ ಉತ್ತರ ತಪ್ಪಿದರೂ ಹಂತಕ್ಕೆ ಅಂಕ ಉಂಟು ಎಂದು ಮಕ್ಕಳಿಗೆ ವರ್ಷವಿಡೀ ಹೇಳುತ್ತೇವೆ. ಆ ಹಂತ ಎಲ್ಲಿದೆ ಎಂದು ತಿದ್ದುವವನಿಗೆ ಕಾಣಬೇಕಲ್ಲ!

ನಮ್ಮೂರು ಜುಗೂಳ. ಕಾಗವಾಡ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗೆ ಕೂತ ಊರು. ಹೊಳೆಯ ಆಚೆ ದಡ ಮಹಾರಾಷ್ಟ್ರ. ಅಲ್ಲಿ ಖಿದ್ರಾಪುರ, ಖಿದ್ರಾಪುರದಲ್ಲಿ ಕೋಪೇಶ್ವರನ ಗುಡಿ. ಶಿಲಾಹಾರರ ಕಾಲದ ಆ ಗುಡಿಯ ಸ್ವರ್ಗಮಂಟಪದಲ್ಲಿ 48 ಕಂಬಗಳಿವೆ. ನಡುವೆ ಚಾವಣಿಯೇ ಇಲ್ಲ, ದುಂಡಗೆ ಆಕಾಶ. ಗುಡಿ ಆಚೆ ರಾಜ್ಯದ್ದಾದರೂ ಅಲ್ಲಿ ಕನ್ನಡ ಶಾಸನಗಳಿವೆ. ಊರು ಈಚೆ ರಾಜ್ಯದ್ದಾದರೂ ನಾವು ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತೇವೆ. ಇದನ್ನು ಇಲ್ಲಿ ಹೇಳಿದ್ದಕ್ಕೆ ಒಂದೇ ಕಾರಣ: ಗೊತ್ತಿಲ್ಲದ ಸಂಖ್ಯೆಗೆ ಈ ಹರಟೆಯಲ್ಲಿ ನಾನು ಮರಾಠಿಯವರ ಹಾಗೆ ‘ಕ್ಷ’ ಎಂದು ಬರೆಯುತ್ತೇನೆ, ಎರಡನೆಯದಕ್ಕೆ ‘ಯ’. ಕ್ಷ-ಕಿರಣ ತೆಗೆಸಿಕೊಂಡವರಿಗೆ ಇದು ಹೊಸದಲ್ಲ. ಗಡಿಯವರಿಗಂತೂ ಅಲ್ಲವೇ ಅಲ್ಲ.

ಅದಿರಲಿ. ಮಕ್ಕಳಿಗೆ ಸಾಲು ಹಿಡಿದು ಬರೆಯಿರಿ ಎಂದು ಗದರಿಸುವ ನಾವು ಮಾಸ್ತರರು ಅವರ ಕೈಗೆ ಕೊಡುವ ಪ್ರಶ್ನೆಪತ್ರಿಕೆಯ ಕಥೆ ಏನು? ಅದು ತಯಾರಾಗುವುದು ಪೇಟೆಯ ಡಿಟಿಪಿ ಅಂಗಡಿಯಲ್ಲಿ. ಅಲ್ಲಿಯ ಹುಡುಗನ ಬೆರಳು ಬಲು ಚುರುಕು. ಲಗ್ನಪತ್ರಿಕೆ, ಪುಣ್ಯತಿಥಿಯ ಬ್ಯಾನರು, ಕಬ್ಬಿನ ಬಿಲ್ಲು ಬಂದಿಲ್ಲವೆಂಬ ಅರ್ಜಿ, ಎಲ್ಲವನ್ನೂ ‘ನುಡಿ’ ತಂತ್ರಾಂಶದಲ್ಲಿ ಸರಸರ ಹೊಡೆದುಹಾಕುತ್ತಾನೆ. ಸಮೀಕರಣ ಬಂತೋ, ಅವನ ಹೆಬ್ಬೆರಳು ಸ್ಪೇಸ್‌ಬಾರಿನ ಮೇಲೆ ಕೂತುಬಿಡುತ್ತದೆ. ಟಕ, ಟಕ, ಟಕ. ಪರದೆಯ ಮೇಲೆ ಸಮದ ಕೆಳಗೆ ಸಮ ಬರುವವರೆಗೂ ತಳ್ಳುತ್ತಾನೆ. ‘ಬಂತ್ ನೋಡ್ರಿ ಸರ, ಒಂದ ಗೆರಿ ಎಳದಂಗ’ ಎನ್ನುತ್ತಾನೆ. ಪ್ರಿಂಟು ತೆಗೆಯುವ ಕಂಪ್ಯೂಟರಿನಲ್ಲಿ ಫಾಂಟು ಒಂದು ಗುಂಜಿ ಬೇರೆ ಇತ್ತೆನ್ನಿ, ಆ ಗೆರೆ ಹೊಳೆಯ ದಾರಿ ಹಿಡಿಯುತ್ತದೆ.

ತಪ್ಪು ಹುಡುಗನದಲ್ಲ. ಈ ಚಟ ಟೈಪ್‌ರೈಟರಿನಿಂದ ಬಂದದ್ದು. ಇಂಗ್ಲಿಷ್ ಟೈಪ್‌ರೈಟರಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ, ಸ್ಪೇಸಿಗೂ ಅಷ್ಟೇ. ಎಣಿಸಿ ಒತ್ತಿದರೆ ಸಾಲು ಕೂಡಲೇಬೇಕು. ಈಗಿನ ಫಾಂಟುಗಳಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಅಗಲ ಇದೆ. ಅದರಲ್ಲೂ ಕನ್ನಡದಲ್ಲಿ ‘ರ’ ಎಷ್ಟು ಜಾಗ ತೆಗೆದುಕೊಳ್ಳುತ್ತದೆ, ‘ಖ್ಯಾ’ ಎಷ್ಟು ತೆಗೆದುಕೊಳ್ಳುತ್ತದೆ, ನೀವೇ ನೋಡಿ. ಸ್ಪೇಸಿನ ಅಗಲ ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯದು. ಮೊಳೆ ಜೋಡಿಸುವ ಕಾಲದಲ್ಲಿ ಕಂಪೋಸಿಟರು ಬೇರೆಬೇರೆ ದಪ್ಪದ ಖಾಲಿ ಮೊಳೆ ತುರುಕಿ ಸಾಲು ಕೂಡಿಸುತ್ತಿದ್ದ. ಗಣಿತದ ಪುಸ್ತಕ ಎಂದರೆ ಅವನು ಮೂಗು ಮುರಿಯುತ್ತಿದ್ದದ್ದೂ, ಮುದ್ರಣಾಲಯಗಳು ಅದಕ್ಕೆ ಹೆಚ್ಚಿಗೆ ದರ ಹಾಕುತ್ತಿದ್ದದ್ದೂ ಇದೇ ಕಾರಣಕ್ಕೆ. ಅವನ ಕೈಯಲ್ಲಾದರೂ ಅಳತೆಯ ಸೀಸ ಇತ್ತು. ನಮ್ಮ ಹುಡುಗನ ಕೈಯಲ್ಲಿ ಇರುವುದು ಕಣ್ಣಂದಾಜು.

ನನ್ನ ಅಣ್ಣನ ಮಗಳು ಬೆಳಗಾವಿಯಲ್ಲಿ ಗಣಿತದ ಎಂ.ಎಸ್ಸಿ. ಓದುತ್ತಾಳೆ. ರಜೆಗೆ ಬಂದವಳು ನನ್ನ ಪ್ರಶ್ನೆಪತ್ರಿಕೆಯನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ‘ಕಾಕಾ, ಇದೇನ್ರಿ, ಸಮ ಎಲ್ಲಾ ಸೊಟ್ಟ ನಿಂತಾವು’ ಎಂದಳು.

‘ಎಷ್ಟ ತಳ್ಳಿದರೂ ಅಷ್ಟ ಬಿಡವ್ವಾ’ ಎಂದೆ.

‘ತಳ್ಳೂದ ಬ್ಯಾಡ್ರಿ. ಎಲ್ಲಿ ಕೂಡಬೇಕು ಅಷ್ಟ ಹೇಳ್ರಿ. ಮುಂದಿಂದು ಅದು ನೋಡಿಕೊಂತೈತಿ.’

‘ಹೇಳೂದು ಹೆಂಗ?’

‘ಸಮದ ಎಡಕ್ಕ ಈ ಗುರುತ ಇಡ್ರಿ’ ಎಂದು ಅವಳು & ಒತ್ತಿದಳು. ಸಾಲು ಮುಗಿದಲ್ಲಿ ಎರಡು ಓರೆಗೆರೆ ಇಟ್ಟಳು: \\. ಆಮೇಲೆ ಒಂದು ಗುಂಡಿ ಒತ್ತಿದಳು. ಸಮ ಚಿಹ್ನೆಗಳು ತೂಗುಗುಂಡು ಇಳಿಬಿಟ್ಟ ಹಾಗೆ ನೆಟ್ಟಗೆ ಬಂದು ನಿಂತವು. ನಡುವೆ ಒಂದು ಸಾಲು ಸೇರಿಸಿದಳು, ಆಗಲೂ ನೆಟ್ಟಗೆ. ಅಕ್ಷರ ದೊಡ್ಡದು ಮಾಡಿದಳು, ಆಗಲೂ ನೆಟ್ಟಗೆ.

ಆ ತಂತ್ರಾಂಶದ ಹೆಸರು ಲೇಟೆಕ್. ಅದರ ಹೊಟ್ಟೆಯೊಳಗೆ ಕೆಲಸ ಮಾಡುವುದು ಟೆಕ್. ಅದು ಹುಟ್ಟಿದ್ದೇ ಒಬ್ಬ ಗ್ರಂಥಕರ್ತನ ಸಿಟ್ಟಿನಿಂದ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲೆಯ ಮೇಲೆ ಸಂಪುಟಗಳ ಮಾಲೆಯನ್ನೇ ಬರೆಯುತ್ತಿದ್ದ. ಎರಡನೆಯ ಸಂಪುಟದ ಮೊದಲ ಮುದ್ರಣ ಸೀಸದ ಮೊಳೆಯಲ್ಲಿ ಚೆಂದವಾಗಿ ಬಂದಿತ್ತು. ಅದರ ಪರಿಷ್ಕೃತ ಆವೃತ್ತಿಯ ಕರಡು 1977ರಲ್ಲಿ ಕೈಗೆ ಬಂದಾಗ ಕಾಲ ಬದಲಾಗಿತ್ತು. ಮೊಳೆ ಹೋಗಿ ಫೋಟೋ ಅಕ್ಷರ ಬಂದಿತ್ತು. ಕರಡು ಎಷ್ಟು ಕುರೂಪವಾಗಿ ಕಂಡಿತೆಂದರೆ ಆಸಾಮಿ ಪುಸ್ತಕ ಬರೆಯುವುದನ್ನು ಬದಿಗಿಟ್ಟು ಪುಸ್ತಕ ಜೋಡಿಸುವ ತಂತ್ರಾಂಶ ಬರೆಯಲು ಕೂತ. ಒಂದು ವರ್ಷದ ರಜೆಯಲ್ಲಿ ಮುಗಿಸುತ್ತೇನೆ ಎಂದುಕೊಂಡಿದ್ದ. ಹತ್ತು ವರ್ಷದಾಚೆಗೆ ಹೋಯಿತು. ಮನೆ ಕಟ್ಟಿಸಿದವರಿಗೆ ಇದು ಅರ್ಥವಾದೀತು.

ಕ್ನೂತನ ಶಿಸ್ತು ನೋಡಿ. ತನ್ನ ಪುಸ್ತಕಗಳಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2.56 ಡಾಲರಿನ ಚೆಕ್ಕು ಬರೆದು ಕಳಿಸುತ್ತಿದ್ದ. 256 ಎಂಬುದು ಕಂಪ್ಯೂಟರಿನವರಿಗೆ ಪ್ರೀತಿಯ ಸಂಖ್ಯೆ. ಚೆಕ್ಕು ಸಿಕ್ಕವರಲ್ಲಿ ಹಲವರು ಅದನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಕ್ನೂತನಿಗೂ ಲಾಭ, ಅವರಿಗೂ ಲಾಭ. ಟೆಕ್‌ನ ಆವೃತ್ತಿ ಸಂಖ್ಯೆ ಪ್ರತಿ ತಿದ್ದುಪಡಿಗೂ ಪೈ ಕಡೆಗೆ ಒಂದು ಅಂಕಿ ಹತ್ತಿರ ಹೋಗುತ್ತದೆ: 2021ರಲ್ಲಿ ಅದು 3.141592653 ಆಯಿತು. ತಾನು ಸತ್ತ ಮೇಲೆ ಆವೃತ್ತಿ ಸಂಖ್ಯೆ ಪೈ ಎಂದೇ ನಿಲ್ಲಲಿ, ಆಮೇಲೆ ಉಳಿದ ತಪ್ಪುಗಳೆಲ್ಲ ಅದರ ಗುಣಗಳು ಎಂದು ಅವನ ಕಟ್ಟಪ್ಪಣೆ. ಉಯಿಲು ಬರೆದರೆ ಹೀಗೆ ಬರೆಯಬೇಕು; ನಮ್ಮಲ್ಲಿ ಹೊಲದ ಬದುವಿನ ತಂಟೆಯನ್ನೂ ಹೀಗೆ ಮುಗಿಸಿದ್ದರೆ ಚಿಕ್ಕೋಡಿ ಕೋರ್ಟಿನ ಮುಂದಿನ ಚಹದಂಗಡಿಗಳು ಎಂದೋ ಮುಚ್ಚುತ್ತಿದ್ದವು.

ಟೆಕ್ ಶಕ್ತಿವಂತ, ಆದರೆ ಒರಟ. 1980ರ ದಶಕದ ಮೊದಲಿಗೆ ಲೆಸ್ಲಿ ಲ್ಯಾಂಪೋರ್ಟ್ ಎಂಬಾತ ಅದರ ಮೇಲೆ ಮೆತ್ತನೆಯ ಹೊದಿಕೆ ಹಾಕಿದ, ಅದೇ ಲೇಟೆಕ್. ಸಾಲುಸಾಲು ಸಮೀಕರಣಕ್ಕೆ ಲ್ಯಾಂಪೋರ್ಟ್ ಕೊಟ್ಟ ಸಾಧನದ ಹೆಸರು ‘ಈಕ್ಯೂಎನ್‌ಅರೇ’. ಅದರಲ್ಲಿ ಮೂರು ಅಂಕಣ: ಎಡಕ್ಕೆ ಒಂದು, ನಡುವೆ ಸಮ ಚಿಹ್ನೆ, ಬಲಕ್ಕೆ ಒಂದು. ಸಮ ಚಿಹ್ನೆಗೆ ಅವನು ಬೇರೆ ಕೋಣೆಯನ್ನೇ ಕೊಟ್ಟದ್ದರಿಂದ ಅದರ ಎರಡೂ ಬದಿಗೆ ಬೇಕಾದ್ದಕ್ಕಿಂತ ಹೆಚ್ಚು ಖಾಲಿ ಜಾಗ ಉಳಿಯಿತು. ಸಮೀಕರಣ ಸ್ವಲ್ಪ ಉದ್ದವಾದರೆ ಬಲತುದಿಯ ಕ್ರಮಸಂಖ್ಯೆಯ ಮೇಲೆಯೇ ಹತ್ತಿ ಕೂರುತ್ತಿತ್ತು. ಆಮೇಲೆ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯವರು ತಮ್ಮ ಪೊಟ್ಟಣವನ್ನು ಲೇಟೆಕ್‌ಗೆ ಜೋಡಿಸಿ ‘ಅಲೈನ್’ ಎಂಬ ಹೊಸ ಸಾಧನ ಕೊಟ್ಟರು. ಹಳೆಯದನ್ನು ಬಿಡಿ ಎಂದು ಹೇಳುವುದಕ್ಕೇ ಡೆನ್ಮಾರ್ಕಿನ ಲಾರ್ಸ್ ಮ್ಯಾಡ್ಸೆನ್ 2006ರಲ್ಲಿ ಒಂದು ಇಡೀ ಲೇಖನ ಬರೆಯಬೇಕಾಯಿತು. ಇಷ್ಟಾದರೂ ಹಳೆಯದನ್ನು ಬಿಡದವರು ಇದ್ದಾರೆ. ಕಲಿತದ್ದನ್ನು ಬಿಡುವುದು ಕಲಿಯುವುದಕ್ಕಿಂತ ಕಷ್ಟ. ನಮ್ಮಲ್ಲಿ ಇಂದಿಗೂ ಗುಂಟೆ ಬಿಟ್ಟು ಹೆಕ್ಟೇರಿನಲ್ಲಿ ಮಾತಾಡುವವರು ತಲಾಟಿಯ ಕಚೇರಿಯಲ್ಲಷ್ಟೇ ಸಿಗುತ್ತಾರೆ.

ಅಲೈನ್‌ನ ಗುಟ್ಟು ಸರಳ. ಅಂಕಣಗಳು ಜೋಡಿಜೋಡಿಯಾಗಿ ಬರುತ್ತವೆ. ಜೋಡಿಯಲ್ಲಿ ಮೊದಲನೆಯದು ಬಲಕ್ಕೆ ಒತ್ತಿ ನಿಲ್ಲುತ್ತದೆ, ಎರಡನೆಯದು ಎಡಕ್ಕೆ ಒತ್ತಿ ನಿಲ್ಲುತ್ತದೆ. ಇವೆರಡೂ ಕೂಡುವ ಗಡಿಯೇ & ಗುರುತು. ಸಮದ ಎಡಗಡೆ ಇರುವುದು ಚಿಕ್ಕದಿರಲಿ ದೊಡ್ಡದಿರಲಿ, ಗಡಿಯವರೆಗೆ ಬಂದು ನಿಂತಿರುತ್ತದೆ. ಬಲಗಡೆಯದು ಗಡಿಯಿಂದಲೇ ಹೊರಡುತ್ತದೆ. ಗುರುತನ್ನು ಸಮದ ಎಡಕ್ಕೆ ಇಡಬೇಕು. ಬಲಕ್ಕೆ ಇಟ್ಟರೆ ಸಾಲು ಕೂಡುತ್ತದೆ, ಆದರೆ ಸಮವೂ ಅದರ ಮುಂದಿನ ಸಂಖ್ಯೆಯೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ; ತನ್ನ ಬಲಗಡೆ ಯಾರಾದರೂ ಇದ್ದಾರೆಂದು ಆ ಅಂಕಣದ ಕೊನೆಯಲ್ಲಿ ನಿಂತ ಸಮಕ್ಕೆ ಗೊತ್ತಾಗುವುದೇ ಇಲ್ಲ.

ಅಲೈನ್‌ಗೂ ಅದರದೇ ಹಟಗಳಿವೆ. ಉಸಿರಾಡಲು ಜಾಗ ಇರಲಿ ಎಂದು ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಕೆಲಸವನ್ನೇ ನಿಲ್ಲಿಸಿ ಜಗಳಕ್ಕೆ ಬರುತ್ತದೆ. ಕೊನೆಯ ಸಾಲಿಗೂ ಸಾಲು ಮುರಿಯುವ ಗುರುತು ಹಾಕಿದರೆ, ಅದರ ಕೆಳಗೆ ಏನೂ ಇಲ್ಲದ ಸಾಲಿಗೆ ಕ್ರಮಸಂಖ್ಯೆ ಕೊಟ್ಟು ಕೂರಿಸುತ್ತದೆ. ಹಿಗ್ಗುವ ಆವರಣವನ್ನು ಒಂದು ಸಾಲಿನಲ್ಲಿ ತೆರೆದು ಮುಂದಿನ ಸಾಲಿನಲ್ಲಿ ಮುಚ್ಚುತ್ತೇನೆ ಎಂದರೆ ಒಪ್ಪುವುದಿಲ್ಲ; ಈ ಸಾಲಿನ ಕೊನೆಗೂ ಆ ಸಾಲಿನ ಮೊದಲಿಗೂ ಕಣ್ಣಿಗೆ ಕಾಣದ ಜೊತೆಗಾರರನ್ನು ಇಡಬೇಕು. ಪುಟದ ತಳದಲ್ಲಿ ಜಾಗ ಸಾಲದಿದ್ದರೆ ಇಡೀ ಗುಂಪನ್ನು ಎತ್ತಿಕೊಂಡು ಮುಂದಿನ ಪುಟಕ್ಕೆ ಹೋಗುತ್ತದೆ. ಒಡೆಯಬಹುದು ಎಂದು ನಾವು ಬಾಯಿಬಿಟ್ಟು ಅಪ್ಪಣೆ ಕೊಡುವವರೆಗೂ ಒಡೆಯುವುದಿಲ್ಲ. ಒಟ್ಟು ಕುಟುಂಬದ ಅಭಿಮಾನ ಅಷ್ಟಿದೆ.

ಇನ್ನು ಉದ್ದನೆಯ ಸಾಲನ್ನು ಎಲ್ಲಿ ಮುರಿಯಬೇಕು ಎಂಬ ಜಗಳ. ಬಲಗಡೆಯ ರಾಶಿ ಒಂದು ಸಾಲಿಗೆ ಹಿಡಿಸದಿದ್ದರೆ ಕೂಡು ಚಿಹ್ನೆಯ ಹತ್ತಿರ ಮುರಿಯಬೇಕು, ಸರಿ. ಚಿಹ್ನೆಯನ್ನು ಮೇಲಿನ ಸಾಲಿನ ಕೊನೆಗೆ ಬಿಡುವುದೋ, ಕೆಳಗಿನ ಸಾಲಿನ ತಲೆಗೆ ತರುವುದೋ? ಪ್ರತ್ಯೇಕ ಸಾಲಿನಲ್ಲಿ ನಿಲ್ಲಿಸಿದ ಸಮೀಕರಣವಾದರೆ ಚಿಹ್ನೆ ಕೆಳಗಿನ ಸಾಲಿನ ತಲೆಗೆ ಬರಲಿ ಎಂಬುದು ಕ್ನೂತನ ತೀರ್ಪು. ರಷ್ಯಾದ ಗಣಿತ ಪುಸ್ತಕಗಳಲ್ಲಿ ಎರಡೂ ಕಡೆ ಬರೆಯುವ ರೂಢಿ ಇದೆ. ಯಾರಿಗೂ ಬೇಸರವಾಗಬಾರದು ಎಂದಿರಬೇಕು. ನನ್ನ ಮತ ಕ್ನೂತನ ಕಡೆಗೆ. ಸಾಲಿನ ತಲೆಯಲ್ಲಿ ಕೂಡು ಚಿಹ್ನೆ ಕಂಡರೆ ಇದು ಹೊಸ ಹೆಜ್ಜೆಯಲ್ಲ, ಹಿಂದಿನದರ ಬಾಲ ಎಂದು ಓದುವವನಿಗೆ ಕೂಡಲೇ ತಿಳಿಯುತ್ತದೆ. ಅದು ಸಮದ ನೇರಕ್ಕೆ ನಿಲ್ಲದೆ ಒಂದಿಷ್ಟು ಬಲಕ್ಕೆ ಸರಿದು ನಿಂತರಂತೂ ಸಂಶಯವೇ ಬೇಡ.

ಇಷ್ಟೆಲ್ಲ ಸಡಗರ ಯಾರ ಸಲುವಾಗಿ? ಎರಡು ಗಿಡ್ಡ ಗೆರೆಗಳ ಸಲುವಾಗಿ. ಆ ಗೆರೆಗಳು ಹುಟ್ಟಿದ್ದು 1557ರಲ್ಲಿ. ವೇಲ್ಸ್ ಪ್ರಾಂತದ ವೈದ್ಯ ರಾಬರ್ಟ್ ರೆಕಾರ್ಡ್ ತನ್ನ ಬೀಜಗಣಿತದ ಪುಸ್ತಕದಲ್ಲಿ ‘ಇದಕ್ಕೆ ಸಮ’ ಎಂದು ಮತ್ತೆ ಮತ್ತೆ ಬರೆದು ಬೇಸತ್ತು, ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಬೇರಾವುದಿದೆ ಎಂದು ಅವನ್ನೇ ಎಳೆದ. ಅವನ ಗೆರೆಗಳು ಈಗಿನವಕ್ಕಿಂತ ಬಹಳ ಉದ್ದ. ಮಾರನೆಯ ವರ್ಷವೇ ಲಂಡನ್ನಿನ ಸೆರೆಮನೆಯಲ್ಲಿ ತೀರಿಹೋದ. ಒಬ್ಬ ಜಹಗೀರದಾರನ ಮೇಲೆ ಆಪಾದನೆ ಮಾಡಿ, ಅವನು ಹಾಕಿದ ಮಾನನಷ್ಟದ ದಾವೆಯಲ್ಲಿ ಸೋತು, ತೆರಬೇಕಾದ ಹಣ ತೆರಲಾಗದೆ ಒಳಗೆ ಹೋಗಿದ್ದ. ಜಗತ್ತಿಗೆಲ್ಲ ಸಮ ಕೊಟ್ಟವನ ಸ್ವಂತ ಜಮಾಖರ್ಚು ಸಮವಾಗಲಿಲ್ಲ.

ಹಾಗಾದರೆ ರೆಕಾರ್ಡ್ ಹುಟ್ಟುವ ಮೊದಲು ಸಮೀಕರಣಗಳೇ ಇರಲಿಲ್ಲವೇ? ಇದ್ದವು, ನಮ್ಮಲ್ಲೇ ಇದ್ದವು. ಬ್ರಹ್ಮಗುಪ್ತನ ಗ್ರಂಥಕ್ಕೆ 9ನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಪೃಥೂದಕಸ್ವಾಮಿ ಒಂದು ಸಮೀಕರಣವನ್ನು ಎರಡು ಸಾಲಿನಲ್ಲಿ ಹೀಗೆ ಇಟ್ಟಿದ್ದಾನೆ:

ಯಾವ 0 ಯಾ 10 ರೂ 8
ಯಾವ 1 ಯಾ 0 ರೂ 1

8ರ ನೆತ್ತಿಯ ಮೇಲೆ ಒಂದು ಚುಕ್ಕೆ ಇದೆ ಎಂದುಕೊಳ್ಳಿ. ಋಣಸಂಖ್ಯೆಗೆ ಅವರ ಗುರುತು ಅದು. ‘ಯಾ’ ಎಂದರೆ ಯಾವತ್ತಾವತ್, ನಮ್ಮ ಕ್ಷ. ‘ಯಾವ’ ಎಂದರೆ ಅದರ ವರ್ಗ. ‘ರೂ’ ಎಂದರೆ ರೂಪ, ಬರಿಯ ಸಂಖ್ಯೆ. ನಮ್ಮ ಭಾಷೆಯಲ್ಲಿ 10ಕ್ಷ − 8 = ಕ್ಷ² + 1. ಬಿಡಿಸಿದರೆ ಕ್ಷ ಒಂಬತ್ತೂ ಆದೀತು, ಒಂದೂ ಆದೀತು. ಆದರೆ ನೋಡಬೇಕಾದ್ದು ಉತ್ತರವನ್ನಲ್ಲ, ಆ ಎರಡು ಸಾಲುಗಳನ್ನು. ಸಮ ಚಿಹ್ನೆ ಇಲ್ಲ. ಒಂದು ಪಕ್ಷದ ಕೆಳಗೆ ಇನ್ನೊಂದು ಪಕ್ಷ ಇಟ್ಟರೆ ಸಾಕು, ಎರಡೂ ಸಮ ಎಂದೇ ಅರ್ಥ. ವರ್ಗದ ಕೆಳಗೆ ವರ್ಗ, ಯಾ ಕೆಳಗೆ ಯಾ, ರೂ ಕೆಳಗೆ ರೂ. ಮೇಲಿನ ಸಾಲಿನಲ್ಲಿ ವರ್ಗವೇ ಇಲ್ಲ. ಆದರೂ ಸೊನ್ನೆ ಬರೆದು ಅದರ ಜಾಗ ಕಾದಿರಿಸಿದ್ದಾರೆ. ಮುಂದೆ ಕಳೆಯುವಾಗ ಯಾವುದರಿಂದ ಯಾವುದನ್ನು ಕಳೆಯಬೇಕು ಎಂದು ಹುಡುಕಬೇಕಾಗಿಲ್ಲ, ಕಣ್ಣು ನೇರ ಕೆಳಗಿಳಿದರೆ ಆಯಿತು. ಗೊತ್ತಿಲ್ಲದ ಸಂಖ್ಯೆಗಳು ಹೆಚ್ಚಾದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣದ ಹೆಸರು ಕೊಟ್ಟು ಅವುಗಳಿಗೂ ಒಂದೊಂದು ಅಂಕಣ. ಸಮ ಚಿಹ್ನೆ ಹುಟ್ಟುವುದಕ್ಕೆ ಸುಮಾರು ಏಳುನೂರು ವರ್ಷ ಮೊದಲೇ ಸಾಲು ಕೂಡಿಸುವುದು ಇತ್ತು ಎಂದಾಯಿತು.

ಇದೇ ಬುದ್ಧಿ ಇಂದಿಗೂ ಹತ್ತನೆಯ ಈಯತ್ತೆಯ ಪುಸ್ತಕದಲ್ಲಿದೆ. ವರ್ಜಿಸುವ ವಿಧಾನದ ಲೆಕ್ಕ ತೆಗೆಯಿರಿ:

2ಕ್ಷ + 3ಯ = 13
5ಕ್ಷ − 3ಯ = 1

ಯ ಕೆಳಗೆ ಯ ನಿಂತದ್ದಕ್ಕೆ ತಾನೆ ಅವೆರಡೂ ಒಂದನ್ನೊಂದು ಹೊಡೆದುಹಾಕುತ್ತವೆ ಎಂದು ಕಂಡದ್ದು? ಕೂಡಿದರೆ 7ಕ್ಷ = 14; ಕ್ಷ 2, ಯ 3. ಯ-ಗಳು ಹಿಂದೆಮುಂದೆ ನಿಂತಿದ್ದರೆ ಜಾಣ ಹುಡುಗನಿಗೂ ಒಂದು ಗಳಿಗೆ ಬೇಕಾಗುತ್ತಿತ್ತು. ದಡ್ಡನಂತೂ ಕ್ಷ-ಗೆ ಯ ಕೂಡಿಸಿ ಕೈಮುಗಿಯುತ್ತಿದ್ದ.

ಲೆಕ್ಕದ ಮಾತು ಬಂದರೆ ನಮ್ಮ ಸೀಮೆಯ ಒಬ್ಬ ಹಿರಿಯನ ಹೆಸರು ಹೇಳದೆ ಇರಲಾರೆ. ನಮ್ಮ ಕಡೆಯ ರೈಲಿನಲ್ಲಿ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ ದಾಟಿದರೆ ರಾಯಬಾಗ. 12ನೆಯ ಶತಮಾನದ ಜೈನ ಕವಿ ರಾಜಾದಿತ್ಯ ಪೂವಿನಬಾಗೆಯವನು. ಅದು ಈ ರಾಯಬಾಗವೇ ಎಂದು ವಿದ್ವಾಂಸರಲ್ಲಿ ಹಲವರ ಮತ. ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಎಂದು ಅವನ ಪುಸ್ತಕಗಳು. ಕನ್ನಡದಲ್ಲಿ ಇಂದು ನಮಗೆ ಸಿಗುವ ಗಣಿತ ಗ್ರಂಥಗಳಲ್ಲಿ ಅವೇ ಮೊದಲಿನವು. ಅದಕ್ಕೂ ಮೂರು ಶತಮಾನ ಹಿಂದೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದಿದ್ದ, ಆದರೆ ಸಂಸ್ಕೃತದಲ್ಲಿ. ರಾಜಾದಿತ್ಯ ಅಳತೆಯ, ಲೆಕ್ಕದ ಸೂತ್ರಗಳನ್ನು ಸುಲಭವಾದ ಕನ್ನಡ ಪದ್ಯಕ್ಕೆ ಇಳಿಸಿದ.

ಗಣಿತ ಪದ್ಯದಲ್ಲಿ ಇದ್ದರೆ ಸಾಲು ಕೂಡಿಸುವುದು ಎಲ್ಲಿ ಬಂತು? ಬಂತು ನೋಡಿ. ಹಳೆಯ ಕನ್ನಡ ಪದ್ಯದ ಕಟ್ಟಳೆ ನಿಮಗೆ ಗೊತ್ತು: ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಆದಿಪ್ರಾಸ. ಕವಿರಾಜಮಾರ್ಗದ ಕಾಲದಿಂದಲೂ ಅದರ ಚರ್ಚೆ ಇದೆ. ಪಾದಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಎರಡನೆಯ ಅಕ್ಷರದ ಅಂಕಣದಲ್ಲಿ ಮೇಲಿಂದ ಕೆಳಗೆ ಒಂದೇ ವ್ಯಂಜನ. ಆ ಜಾಗದಲ್ಲಿ & ಗುರುತು ಇಟ್ಟೇ ಕವಿ ಬರೆದನೇನೋ ಅನ್ನಿಸಬೇಕು. ಸೋಜಿಗ ಇರುವುದು ಮುಂದೆ. ಓಲೆಗರಿಯ ಮೇಲೆ ಪದ್ಯವನ್ನು ಹಾಗೆ ಒಡೆದು ಬರೆಯುತ್ತಿರಲೇ ಇಲ್ಲ. ಗರಿಯ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಮನೆ ಕೊರೆದುಕೊಂಡು ಹೋಗುವುದು. ಪಾದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗದು. ಪ್ರಾಸ ಬಂದಾಗ ಕಿವಿಗೆ ಗೊತ್ತಾಗುತ್ತದೆ. ಅವರದು ಕಿವಿಗಾಗಿ ಕೂಡಿಸಿದ ಸಾಲು, ಅಲೈನ್‌ನದು ಕಣ್ಣಿಗಾಗಿ ಕೂಡಿಸಿದ ಸಾಲು. ಎರಡರ ಕೆಲಸವೂ ಒಂದೇ: ಓದುವವನು ದಾರಿ ತಪ್ಪದ ಹಾಗೆ ಹಿಡಿದುಕೊಂಡು ಹೋಗುವುದು. ಮುಂದೆ ಮಂಜೇಶ್ವರದ ಗೋವಿಂದ ಪೈಗಳು ಈ ಪ್ರಾಸದ ಹಂಗು ಹರಿದರು, ಕನ್ನಡ ಕವಿತೆಗೆ ಒಳ್ಳೆಯದೇ ಆಯಿತು. ಕವಿಗಳು ಬಿಟ್ಟರೂ ನಡೆಯುತ್ತದೆ. ಗಣಿತದವರು ಬಿಟ್ಟರೆ ನಡೆಯುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಾಲು ನೆಟ್ಟಗೆ ಇದ್ದ ಮಾತ್ರಕ್ಕೆ ಲೆಕ್ಕ ನೆಟ್ಟಗೆ ಇರಬೇಕೆಂದಿಲ್ಲ. ಈ ಹಳೆಯ ಕಣ್ಕಟ್ಟು ನೋಡಿ:

ಅ = ಬ
ಅ² = ಅ × ಬ
ಅ² − ಬ² = ಅ × ಬ − ಬ²
(ಅ − ಬ)(ಅ + ಬ) = ಬ(ಅ − ಬ)
ಅ + ಬ = ಬ
2ಬ = ಬ
2 = 1

ಲೇಟೆಕ್‌ನಲ್ಲಿ ಇದನ್ನು ಜೋಡಿಸಿದರೆ ಏಳು ಸಮಗಳೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ನೋಡಿದವರು ತಲೆದೂಗಬೇಕು, ಅಷ್ಟು ಚೆಂದ. ಎರಡು ಒಂದಕ್ಕೆ ಸಮವಾದದ್ದು ಮಾತ್ರ ಯಾರ ಗಮನಕ್ಕೂ ಬಾರದೆ ಹೋಗಬಹುದು! ಕಳ್ಳ ಎಲ್ಲಿದ್ದಾನೆ? ಅದಕ್ಕೂ ಅಲೈನ್‌ನಲ್ಲಿ ಉಪಾಯ ಇದೆ. ಸಾಲಿನ ಬಲಕ್ಕೆ ಇನ್ನೆರಡು & ಇಟ್ಟು ಮತ್ತೊಂದು ಅಂಕಣ ತೆರೆಯಿರಿ, ಅದರಲ್ಲಿ ಪ್ರತಿ ಹೆಜ್ಜೆಗೂ ಕಾರಣ ಬರೆಯಿರಿ. ನಮ್ಮ ರೇಖಾಗಣಿತದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆಸಿ, ಹೇಳಿಕೆಯ ಪಕ್ಕದಲ್ಲಿ ಕಂಸ ಹಾಕಿ ಕಾರಣ ಕೇಳುವುದಿಲ್ಲವೇ, ಹಾಗೆ. ಐದನೆಯ ಸಾಲಿನ ಎದುರು ‘ಎರಡೂ ಕಡೆ ಅ − ಬ ಇಂದ ಭಾಗಿಸಿದೆ’ ಎಂದು ಬರೆಯುವಾಗಲೇ ಪೆನ್ನು ನಿಲ್ಲುತ್ತದೆ. ಅ ಮತ್ತು ಬ ಸಮ ಎಂದು ಮೊದಲ ಸಾಲಿನಲ್ಲೇ ಒಪ್ಪಿದ್ದೇವೆ. ಅಂದಮೇಲೆ ಅ − ಬ ಸೊನ್ನೆ. ಸೊನ್ನೆಯಿಂದ ಭಾಗಿಸಿದವನು ಮಾಸ್ತರನೇ ಆಗಿದ್ದರೂ ಬೆಂಚಿನ ಮೇಲೆ ನಿಲ್ಲಬೇಕು. ಇಲ್ಲಿ ಸಾಲಿನ ಅಂದ ನಮ್ಮನ್ನು ಮರುಳು ಮಾಡಿತ್ತು, ಕಾರಣದ ಅಂಕಣ ಬಿಡಿಸಿತು. ಆದ್ದರಿಂದ ಸಾಲು ಕೂಡಿಸುವುದು ಅರ್ಧ ಕೆಲಸ, ಕಾರಣ ಕೊಡುವುದು ಉಳಿದರ್ಧ.

ಅಣ್ಣನ ಮಗಳು ಹೋಗುವಾಗ, ‘ಕಾಕಾ, ನೀವೂ ಲೇಟೆಕ್ ಕಲೀರಿ, ಈಗ ಕನ್ನಡಾನೂ ಛಲೋ ಬರತೈತಿ’ ಎಂದಳು. ಅದು ನಿಜ. ಹಳೆಯ ಟೆಕ್‌ಗೆ ಕನ್ನಡ ಕಲಿಸಲು ಕಸರತ್ತು ಬೇಕಿತ್ತು. ಯುನಿಕೋಡ್ ತಿಳಿಯುವ ಝೀಟೆಕ್ ಬಂದ ಮೇಲೆ ಕಂಪ್ಯೂಟರಿನಲ್ಲಿರುವ ಯಾವ ಯುನಿಕೋಡ್ ಫಾಂಟಿನಲ್ಲಾದರೂ ಕನ್ನಡ ಬರೆಯಬಹುದು. ಸಮೀಕರಣದ ನಡುವೆ ಕನ್ನಡ ಮಾತು ಬಂದರೆ ಇದು ಗಣಿತವಲ್ಲ, ಮಾತು ಎಂದು ಅದಕ್ಕೆ ತಿಳಿಸಬೇಕು, ಅಷ್ಟೇ. ನಮ್ಮ ದೇಶದಲ್ಲೂ ಇದಕ್ಕೆ ದೊಡ್ಡ ಬಳಗ ಇದೆ. ಟೆಕ್ ಬಳಸುವವರ ಅಂತರರಾಷ್ಟ್ರೀಯ ಸಮ್ಮೇಳನ 2002ರಲ್ಲೂ 2011ರಲ್ಲೂ ತಿರುವನಂತಪುರದಲ್ಲಿ ನಡೆದಿದೆ. ಕಾಸು ಕೊಡುವ ಕೆಲಸವಿಲ್ಲ, ತಂತ್ರಾಂಶ ಬಿಟ್ಟಿ.

ಎಲ್ಲ ಮಾಸ್ತರರಿಗೂ ಅದನ್ನು ಕಲಿಯುವ ವ್ಯವಧಾನ ಇಲ್ಲ, ಡಿಟಿಪಿ ಹುಡುಗನಿಗೆ ಲಗ್ನದ ಸೀಸನ್ನಿನಲ್ಲಿ ಊಟಕ್ಕೂ ಪುರಸತ್ತಿಲ್ಲ. ಅವನು ದಿನಾ ತೆರೆಯುವ ವರ್ಡ್‌ನಲ್ಲೇ ಉಪಾಯ ಇದೆ. ಆಲ್ಟ್ ಹಿಡಿದು ಸಮ ಚಿಹ್ನೆ ಒತ್ತಿದರೆ ಸಮೀಕರಣದ ಪೆಟ್ಟಿಗೆ ತೆರೆಯುತ್ತದೆ. ಸಾಲು ಮುಗಿದಾಗ ಬರಿ ಎಂಟರ್ ಒತ್ತದೆ ಶಿಫ್ಟ್ ಹಿಡಿದು ಎಂಟರ್ ಒತ್ತಬೇಕು. ಎಲ್ಲ ಸಾಲು ಮುಗಿದ ಮೇಲೆ ಅಷ್ಟನ್ನೂ ಆಯ್ದು, ಮೌಸಿನ ಬಲಗುಂಡಿ ಒತ್ತಿ, ಸಮ ಚಿಹ್ನೆಗೆ ಅಲೈನ್ ಮಾಡು ಎಂಬ ಆಯ್ಕೆ ಕೊಟ್ಟರೆ ಸಾಲು ಕೂಡುತ್ತದೆ. ಲಿಬ್ರೆಆಫೀಸ್‌ನವರು ಅದರ ಗಣಿತದ ಭಾಗದಲ್ಲಿ ಮೂರು ಅಂಕಣದ ಮ್ಯಾಟ್ರಿಕ್ಸ್ ಮಾಡಿ ನಡುವಿನದಕ್ಕೆ ಸಮ ಇಡಲಿ. ಮೇಲೆ ನಾನು ಕೊಟ್ಟ ಲೆಕ್ಕಗಳು ಈ ಪತ್ರಿಕೆಯ ಅಚ್ಚಿನಲ್ಲಿ ಸೊಟ್ಟಗೆ ನಿಂತಿದ್ದರೆ ಸಂಪಾದಕರೂ ಇದನ್ನು ಒಮ್ಮೆ ಓದಿಕೊಳ್ಳಲಿ.

ಮಾಸ್ತರ ಬಾಂಧವರಲ್ಲಿ ನನ್ನದೊಂದೇ ವಿನಂತಿ. ಮುಂದಿನ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೊಡೆಸುವಾಗ ಹುಡುಗನ ಪಕ್ಕದಲ್ಲಿ ಕೂತು ಅವನ ಹೆಬ್ಬೆರಳನ್ನು ಸ್ಪೇಸ್‌ಬಾರಿನಿಂದ ಎತ್ತಿಸಿರಿ. ನಮ್ಮ ಪ್ರಶ್ನೆಯ ಸಾಲು ಕೂಡಿರಲಿ, ಆಮೇಲೆ ಮಕ್ಕಳ ಉತ್ತರದ ಸಾಲಿಗೆ ಅಂಕ ಕಳೆಯೋಣ.